ಪರದೇಶದ ರೊಕ್ಕದ ಟ್ರಯಲ್: ನಷ್ಟ ಯಾರಿಗೆ, ಲಾಭ ಯಾರಿಗೆ?

ಘಟಪ್ರಭಾ ದಂಡಿ (ಗೋಕಾಕ): ಬೆಳಗಾವಿ ಜಿಲ್ಲಾದಾಗ ಬಸುರಿ ಹೆಣ್ಣಮಕ್ಕಳ ಮ್ಯಾಲ ಔಷಧ ಟ್ರಯಲ್ ನಡಿತಾನ ಇರ್ತಾವ. ರೊಕ್ಕ ಪರದೇಶದ್ದು, ಗುಳಿಗಿ ನುಂಗೋರು ನಮ್ಮವರು. ಹೆಚ್ಚುಕಮ್ಮಿ ಆದ್ರ ಯಾರು ಹೊಣಿ? ಔಷಧ ಗೆದ್ರ ನಮ್ಮ ಪಿಎಚ್‌ಸಿಗೆ ಬರ್ತೈತೇನು? ಗೊತ್ತಿದ್ದವರು ಹೇಳ್ರಿ.

ಬಾಗಲಕೋಟಿ ಫಾರ್ಮಾ: ನಷ್ಟದ ಬಾಜೂ ನಿಯಮ ಗಟ್ಟಿ ಐತ್ರಿ. ಹೊಸ ಔಷಧ ಇದ್ರ, ಸ್ಪಾನ್ಸರ್ (ಟ್ರಯಲ್ ಹೊಣಿ ಹೊತ್ತ ಕಂಪನಿ ಇಲ್ಲಾ ಸಂಸ್ಥೆ) ಯಾವ ದೇಶದವರ ಇರಲಿ, 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್ ಲಾಗೂ. ಗಂಭೀರ ತೊಂದರಿ ಆದ್ರ 24 ತಾಸಿನಾಗ ಡಾಕ್ಟರ್ ವರದಿ ಕೊಡಬೇಕು. ಟ್ರಯಲ್ ನೀತಿಬದ್ಧ ಐತೇನು ಅಂತ ನೋಡೋ ಎಥಿಕ್ಸ್ ಕಮಿಟಿಗೆ ತನ್ನ ವರದಿ ಕೊಡಾಕ 30 ದಿನ. ಪರಿಹಾರದ ಆದೇಶ ಬಂದ ಮ್ಯಾಲ ರೊಕ್ಕ ಕೊಡಾಕ ಸ್ಪಾನ್ಸರ್‌ಗೆ 30 ದಿನ.

ಸಾವಾದ್ರ ಪರಿಹಾರದ ಲೆಕ್ಕ: 8 ಲಕ್ಷ ರೂಪಾಯಿ × ವಯಸ್ಸಿನ ಅಂಶ × ಅಪಾಯದ ಅಂಶ (ಮೊದಲ ಆರೋಗ್ಯ ಚಲೋ ಇದ್ದಷ್ಟು ಹೆಚ್ಚು) ÷ 99.37. 25 ವರ್ಷದ ಆರೋಗ್ಯವಂತರಿಗೆ ಅಂಶ 216.91 ಮತ್ತು 4, ಅಂದ್ರ ಸುಮಾರು 69.85 ಲಕ್ಷ. ಅದೇ ವಯಸ್ಸಿನವರ ರೋಗ ಕಡೀ ಹಂತದಾಗಿದ್ರ ಅಪಾಯದ ಅಂಶ 0.5, ಮೊತ್ತ 8.73 ಲಕ್ಷಕ್ಕ ಇಳಿತೈತಿ. ತಕರಾರು ಏಳೋದು ಈ ಅಂಶ ಎಷ್ಟು ಹಿಡಿಬೇಕು ಅನ್ನೋದರಾಗ.

ಒಂದು ಸಂದು ಐತಿ. ಮೊದಲ ಒಪ್ಪಿಗಿ ಇರೋ ಗುಳಿಗಿಯ ಹೊಸ ಉಪಯೋಗ ಹುಡುಕೋ ಅಕಾಡೆಮಿಕ್ (ಮಾರಾಟಕ್ಕಲ್ಲ, ಸಂಶೋಧನಾಕ್ಕ ನಡಸೋ) ಟ್ರಯಲ್‌ಗೆ ಎಥಿಕ್ಸ್ ಕಮಿಟಿ ಒಪ್ಪಿದ್ರ ಸಾಕು. ಅಲ್ಲಿ ಪರಿಹಾರದ ದಾರಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ. ಸಂಸ್ಥೆ ವಿಮೆ ಮಾಡಿಸ್ಯಾದೋ ಇಲ್ಲೋ, ಅದನ್ನ ಮೊದಲ ಕೇಳ್ರಿ.

ಪ್ರಸೂತಿ ವಿಭಾಗ, ವಿಜಯಪುರ: ಲಾಭದ ಮಾತಿಗೆ ಬಂದರೆ ನಿಯಮ ಬಹಳ ಸಡಿಲ. ಟ್ರಯಲ್ ಮುಗಿದ ಮೇಲೆ ಪುಕ್ಕಟೆ ಔಷಧ ಸಿಗಬೇಕಾದರೆ ಬೇರೆ ಚಿಕಿತ್ಸೆ ಇರಬಾರದು, ಡಾಕ್ಟರ್ ಶಿಫಾರಸು ಮಾಡಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು. ಜೊತೆಗೆ ‘ಇನ್ನು ಮುಂದೆ ಸ್ಪಾನ್ಸರ್ ಹೊಣೆಯಲ್ಲ’ ಎಂದು ರೋಗಿಯೇ ಬರೆದುಕೊಡಬೇಕು. ನಷ್ಟ ಮತ್ತೆ ರೋಗಿಯ ಹೆಗಲಿಗೇ ಬಂತು!

ಹೆರಿಗೆ ಹೊತ್ತಿನ ಒಂದೇ ಡೋಸಿನ ಔಷಧಕ್ಕೆ ಈ ಪುಕ್ಕಟೆ ಔಷಧದ ನಿಯಮವೂ ಉಪಯೋಗವಿಲ್ಲ. ಲಾಭ ಹೋಗುವುದು ಮುಂದಿನ ಬಾಣಂತಿಯರಿಗೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರ ಮೇಲೆ ನಡೆದ ಮಿಸೊಪ್ರೊಸ್ಟಾಲ್ ಟ್ರಯಲ್‌ನಲ್ಲಿ (ಪ್ರಕಟವಾದದ್ದು 2006) 600 ಮೈಕ್ರೋಗ್ರಾಂ ಗುಳಿಗೆ ಹೆರಿಗೆ ನಂತರದ ಅತಿ ರಕ್ತಸ್ರಾವವನ್ನು 12ರಿಂದ 6.4 ಶೇಕಡಕ್ಕೆ ಇಳಿಸಿತು. ಗುಳಿಗೆ ಅಗ್ಗ, ಫ್ರಿಜ್ ಬೇಡ, ಹಳ್ಳಿಯ ಆರೋಗ್ಯ ಸಹಾಯಕಿ (ಎಎನ್ಎಂ) ಕೊಡಬಹುದು. ಹಾಗಾಗಿ ಹಳ್ಳಿಗೆ ದಕ್ಕುವಂಥದ್ದು.

ಹೊಸ ಇಂಜೆಕ್ಷನ್ ಆದರೆ ದರದ ಮಾತು ಮೊದಲೇ ಆಗಬೇಕು. ಶಾಖಕ್ಕೆ ಕೆಡದ, ಅದೇ ರಕ್ತಸ್ರಾವ ತಡೆಯುವ ಕಾರ್ಬೆಟೋಸಿನ್ ಇಂಜೆಕ್ಷನ್ ಅನ್ನು ಭಾರತವೂ ಸೇರಿ 10 ದೇಶಗಳ 29,645 ಮಹಿಳೆಯರ ಮೇಲೆ ಪರೀಕ್ಷಿಸಿದಾಗ, ಬಡ ದೇಶಗಳ ಸರ್ಕಾರಿ ಆಸ್ಪತ್ರೆಗಳಿಗೆ ಕೈಗೆಟುಕುವ ದರದಲ್ಲಿ ಕೊಡುವುದಾಗಿ ಫೆರಿಂಗ್ ಕಂಪನಿ ಒಪ್ಪಿತ್ತು. ಅಂಥ ಮಾತು ಇಲ್ಲದಿದ್ದರೆ ಗೆದ್ದ ಔಷಧ ಖಾಸಗಿ ಆಸ್ಪತ್ರೆ ದಾಟಿ ಕೆಳಗಿಳಿಯುವುದು ಕಷ್ಟ.

ಘಟಪ್ರಭಾ ದಂಡಿ: ಬರೋಬ್ಬರಿ ಹೇಳಿದ್ರಿ. ಸಹಿಗಿಂತ ಮೊದ್ಲ ಏನು ನೋಡಬೇಕು?

ಬಾಗಲಕೋಟಿ ಫಾರ್ಮಾ: ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನಂಬರ್ ಕೇಳಿ ಆನ್‌ಲೈನ್‌ದಾಗ ತಗಿರಿ, ಸ್ಪಾನ್ಸರ್, ರೊಕ್ಕ ಕೊಟ್ಟವರು, ಎಥಿಕ್ಸ್ ಕಮಿಟಿ ಎಲ್ಲಾ ಅಲ್ಲೇ ಐತಿ. ಪರದೇಶದ ರೊಕ್ಕ ಇದ್ರ ಐಸಿಎಂಆರ್ ನೋಡ್ಕೊಳ್ಳೋ ಎಚ್‌ಎಂಎಸ್‌ಸಿ (ಆರೋಗ್ಯ ಮಂತ್ರಾಲಯದ ಪರಿಶೀಲನಾ ಸಮಿತಿ) ಒಪ್ಪಿಗಿ ಆಗ್ಯಾದೇನು ಕೇಳ್ರಿ. ರಕ್ತದ ಸ್ಯಾಂಪಲ್ ಎಲ್ಲಿಗೆ ಹೋಗ್ತೈತಿ ಅನ್ನೋದೂ ಕೇಳ್ರಿ. ಓದಾಕ ಬರದವರಿದ್ರ ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿ ಬೇಕು. ನಾಮಿನಿ ಕಾಲಂ ಖಾಲಿ ಬಿಡಬ್ಯಾಡ್ರಿ, ಮುಂದ ಪರಿಹಾರದ ಹೊತ್ತಿಗೆ ಅದ ತೊಡಕು. ಸಹಿ ಆದ ಪ್ರತಿ ಕೈಗೆ ತಗೊಂಡ ಎದ್ದ ಬರ್ರಿ.