ಮ್ಯಾಟ್‌ಲ್ಯಾಬ್ ಕೋಡ್ ನಂಪೈಗೆ ತಂದೆ, ಎರರ್ ಇಲ್ಲ, ಉತ್ತರ ಮಾತ್ರ ಬೇರೆ

ಪ್ರಶ್ನೆ: ಮೇಡಂ, ಸಿಗ್ನಲ್ ಪ್ರೊಸೆಸಿಂಗಿನ ಹಳೇ ಮ್ಯಾಟ್‌ಲ್ಯಾಬ್ ಪ್ರೋಗ್ರಾಂ ಒಂದನ್ನು ಪೈಥಾನಿನ ಗಣಿತ ಲೈಬ್ರರಿ ನಂಪೈಗೆ ತರುತ್ತಿದ್ದೇನೆ. ಇಂಡೆಕ್ಸ್ 1ರ ಬದಲು 0ಯಿಂದ ಶುರು ಅಂತ ಗೊತ್ತಿತ್ತು, ಅದನ್ನೆಲ್ಲ ಬದಲಿಸಿದ್ದೇನೆ. ಎರರ್ ಒಂದೂ ಇಲ್ಲ. ಆದರೂ ಕೊನೆಯ ಅಂಕಿಗಳು ತಾಳೆಯಾಗುತ್ತಿಲ್ಲ. ಒಂದಿಷ್ಟು ಗುಣಾಕಾರ, ರೀಶೇಪ್ (ಅಂಕಿಗಳನ್ನು ಬೇರೆ ಸಾಲು-ಕಾಲಂಗಳಲ್ಲಿ ಜೋಡಿಸುವುದು), ಸ್ಟ್ಯಾಂಡರ್ಡ್ ಡೀವಿಯೇಷನ್, ಅಷ್ಟೇ ಇರೋದು. ಎಲ್ಲಿಂದ ಹುಡುಕಲಿ?

ಉತ್ತರ: ಆ "ಅಷ್ಟೇ" ಅಂದಿರಲ್ಲ, ಮೂರೂ ಅನುಮಾನದ ಜಾಗಗಳೇ. ಇಂಡೆಕ್ಸ್ ಅರೇ (ಅಂಕಿಗಳ ಸಾಲು ಅಥವಾ ಕೋಷ್ಟಕ) ಆಚೆ ಹೋದರೆ ಪ್ರೋಗ್ರಾಂ ಕೂಗಿಕೊಳ್ಳುತ್ತದೆ. ಇವು ಬಾಯಿ ಬಿಡುವುದಿಲ್ಲ.

ಮ್ಯಾಟ್‌ಲ್ಯಾಬಿನ * ಅಂದರೆ ಮ್ಯಾಟ್ರಿಕ್ಸ್ ಗುಣಾಕಾರ, ಅದು ನಂಪೈಯಲ್ಲಿ @ ಆಗಬೇಕು. ಚುಕ್ಕೆ ಇರುವ .* ಅಂದರೆ ಅಂಕಿಗೆ ಅಂಕಿ ಗುಣಿಸುವುದು, ಇಲ್ಲಿ ಬರೀ *. ಚೌಕ ಮ್ಯಾಟ್ರಿಕ್ಸ್ ಆಗಿದ್ದರೆ ಅದಲುಬದಲಾದರೂ ಸುಮ್ನೆ ಓಡುತ್ತದೆ.

ರೀಶೇಪ್ ಇನ್ನೂ ನಾಜೂಕು. 1ರಿಂದ 6ರವರೆಗಿನ ಅಂಕಿಗಳನ್ನು 2×3 ಮಾಡಿ ನೋಡಿ. ಮ್ಯಾಟ್‌ಲ್ಯಾಬ್ ಕಾಲಂ ಕಾಲಂ ತುಂಬುತ್ತದೆ: ಮೊದಲ ಸಾಲು 1 3 5. ನಂಪೈ ಸಾಲು ಸಾಲಾಗಿ ತುಂಬುತ್ತದೆ: 1 2 3. ರೀಶೇಪಿಗೆ ಆರ್ಡರ್ 'ಎಫ್' ಅಂತ ಕೊಟ್ಟರೆ ಮ್ಯಾಟ್‌ಲ್ಯಾಬಿನ ಕ್ರಮ ಬರುತ್ತದೆ.

ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ 2, 4, 4, 4, 5, 5, 7, 9 ಕೊಡಿ. ನಂಪೈ 2 ಅನ್ನುತ್ತದೆ, ಮ್ಯಾಟ್‌ಲ್ಯಾಬ್ 2.138 ಅನ್ನುತ್ತದೆ. ನಂಪೈ ಅಂಕಿಗಳ ಎಣಿಕೆ 8ರಿಂದ ಭಾಗಿಸುತ್ತದೆ, ಇನ್ನೊಂದು ಒಂದು ಕಡಿಮೆ ಮಾಡಿ 7ರಿಂದ. ನಂಪೈಯಲ್ಲಿ ಡಿಡಿಒಎಫ್ (ಎಣಿಕೆಯಿಂದ ಎಷ್ಟು ಕಳೆದು ಭಾಗಿಸಬೇಕು ಅನ್ನುವ ಅಂಕಿ) 1 ಅಂತ ಹಾಕಿ. ಮೊತ್ತ ತೆಗೆಯುವಾಗಲೂ ಹುಷಾರು: ಮ್ಯಾಟ್ರಿಕ್ಸ್ ಕೊಟ್ಟರೆ ಮ್ಯಾಟ್‌ಲ್ಯಾಬ್ ಕಾಲಂಗೊಂದು ಮೊತ್ತ ಕೊಡುತ್ತದೆ, ನಂಪೈ ಎಲ್ಲವನ್ನೂ ಕೂಡಿ ಒಂದೇ ಅಂಕಿ ಕೊಡುತ್ತದೆ.

ಕೊನೆಯ ಉತ್ತರದಿಂದ ಹಿಂದಕ್ಕೆ ಹುಡುಕಬೇಡಿ. ಪ್ರತಿ ಹಂತದ ಅರೇಯನ್ನು ಮ್ಯಾಟ್‌ಲ್ಯಾಬಿನಿಂದ ಮ್ಯಾಟ್ ಫೈಲಾಗಿ ಉಳಿಸಿ, ಪೈಥಾನಿನ ಇನ್ನೊಂದು ಲೈಬ್ರರಿ ಸೈಪೈಯ ಲೋಡ್‌ಮ್ಯಾಟ್‌ನಲ್ಲಿ ಓದಿ, ಅಂಕಿಗಳು ಹತ್ತಿರ ಹತ್ತಿರ ಇವೆಯೇ ಎಂದು ನೋಡುವ ನಂಪೈಯ ಆಲ್‌ಕ್ಲೋಸ್‌ನಿಂದ ಹೋಲಿಸಿ. ಮೊದಲು ಎಲ್ಲಿ ಬೇರೆಯಾಯ್ತೋ ಅಲ್ಲೇ ನಿಲ್ಲಿ. (7.3 ಫಾರ್ಮ್ಯಾಟಿನ ಫೈಲನ್ನು ಲೋಡ್‌ಮ್ಯಾಟ್ ಓದುವುದಿಲ್ಲ, 7ರಲ್ಲೇ ಉಳಿಸಿ.) ಪರೀಕ್ಷೆಗೆ 3×5 ಥರದ ಡೇಟಾ ಇರಲಿ, ಚೌಕ ಬೇಡವೇ ಬೇಡ.

ಮರುಪ್ರಶ್ನೆ: ಮೂರೂ ಸರಿಹೋಯ್ತು ಮೇಡಂ, ಥ್ಯಾಂಕ್ಸ್. ಈಗ ಇನ್ನೊಂದು. ಡೇಟಾದ ಒಂದು ಕಾಲಮಿನಿಂದ ಲೋಡ್‌ಮ್ಯಾಟ್‌ನಲ್ಲಿ ಓದಿದ ರೆಫರೆನ್ಸ್ ಕಾಲಂ ಕಳೆದರೆ 500 ಅಂಕಿ ಬರಬೇಕಿತ್ತು. 500×500 ಬಂದು ಕೂತಿದೆ!

ಉತ್ತರ: ಇದು ಎಲ್ಲರಿಗೂ ಆಗುತ್ತದೆ. ಮ್ಯಾಟ್‌ಲ್ಯಾಬಿನಲ್ಲಿ ಕಾಲಂ ತೆಗೆದರೆ ಅದು 500×1 ಕಾಲಮಾಗಿಯೇ ಉಳಿಯುತ್ತದೆ. ನಂಪೈಯಲ್ಲಿ ಒಂದೇ ಇಂಡೆಕ್ಸ್ ಕೊಟ್ಟು ತೆಗೆದರೆ ಒಂದು ಆಯಾಮ ಬಿದ್ದುಹೋಗಿ, ಬರೀ 500 ಉದ್ದದ ಅರೇ ಆಗುತ್ತದೆ. ಲೋಡ್‌ಮ್ಯಾಟ್‌ನಿಂದ ಬಂದದ್ದು ಮಾತ್ರ 500×1. ಎರಡನ್ನೂ ಕಳೆಯಲು ಹೇಳಿದರೆ ಬ್ರಾಡ್‌ಕಾಸ್ಟಿಂಗ್ (ಆಕಾರ ಹೊಂದಿಸಲು ಎರಡನ್ನೂ ಹಿಗ್ಗಿಸುವುದು) ಆಗಿ ಎಲ್ಲದರಿಂದ ಎಲ್ಲವನ್ನೂ ಕಳೆಯುತ್ತದೆ. ರೆಫರೆನ್ಸ್ ಓದಿದ ತಕ್ಷಣ ರ‍್ಯಾವೆಲ್ ಮಾಡಿ ಒಂದೇ ಆಯಾಮಕ್ಕೆ ತಂದುಬಿಡಿ. ಅನುಮಾನ ಇದ್ದ ಕಡೆ ಶೇಪ್ ಪ್ರಿಂಟ್ ಮಾಡಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಒದ್ದಾಟ ಯಾಕೆ, ಜೂಲಿಯಾ ಭಾಷೆಗೆ ತಂದರೆ ಸುಲಭ ಅಲ್ವಾ?

ಉತ್ತರ: ಭಾಷೆ ಆರಿಸೋ ಸ್ವಾತಂತ್ರ್ಯ ಇದ್ದರೆ ಹೌದು. ಇಂಡೆಕ್ಸ್ 1ರಿಂದಲೇ, ತುಂಬುವುದು ಕಾಲಮಿನಂತೆಯೇ, * ಕೂಡ ಮ್ಯಾಟ್ರಿಕ್ಸ್ ಗುಣಾಕಾರವೇ. ಆದರೆ ಅಲ್ಲಿ ಬಿ = ಎ ಅಂದರೆ ಮ್ಯಾಟ್‌ಲ್ಯಾಬಿನಂತೆ ನಕಲು ಆಗುವುದಿಲ್ಲ. ಬಿ ಒಳಗೆ ಒಂದು ಅಂಕಿ ಬದಲಿಸಿದರೆ ಎ ಕೂಡ ಬದಲಾಗುತ್ತದೆ. ಫಂಕ್ಷನ್‌ಗೆ ಕೊಟ್ಟ ಅರೇಗೂ ಇದೇ ಕಥೆ. ನಂಪೈಯಲ್ಲೂ ಹೀಗೇ, ಅಲ್ಲಿ ಸ್ಲೈಸ್ ಕೂಡ ಮೂಲ ಅರೇಯದೇ ತುಂಡು. ಮ್ಯಾಟ್‌ಲ್ಯಾಬಿನಲ್ಲಿ ಅರೇ ಒಳಗೆ ಹೊಸ ಅಂಕಿ ಬರೆಯುವ ಸಾಲುಗಳನ್ನೆಲ್ಲ ಮೊದಲೇ ಗುರುತು ಹಾಕಿಕೊಳ್ಳಿ. ಮೂಲ ಹಾಗೇ ಉಳಿಯಬೇಕಾದ ಕಡೆ ಕಾಪಿ ಮಾಡಿ.