‘ಅನಿಷ್ಟ’ ಪದವನ್ನು ಹೆಸರಾಗಿ ಬಳಸಬಹುದೇ?

ಗೆಳೆಯರೇ, ನಮಸ್ಕಾರ.

‘ಅನ್‌ಡೆಡ್ ಅನ್‌ಲಕ್’ ಎಂಬ ಜಪಾನೀ ಮಾಂಗಾದ (ಚಿತ್ರಕತೆಯ) ಕೆಲವು ಹೆಸರುಗಳಿಗೆ ಕನ್ನಡ ಪದ ಹುಡುಕುತ್ತಿದ್ದೇನೆ. ಯೊಶಿಫುಮಿ ತೊಜುಕಾ ಅವರದು. 2020ರಿಂದ 2025ರವರೆಗೆ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಬಂತು. ಬರೀ ಹೊಡೆದಾಟ ಅಂತ ನನ್ನ ಗೆಳೆಯರು ಇದನ್ನು ಅರ್ಧಕ್ಕೇ ಬಿಟ್ಟರು. ನನಗೆ ಮಾತ್ರ ಇದು ಮೊದಲಿಂದ ಕೊನೆಯವರೆಗೂ ಪ್ರೇಮಕತೆ.

ನಾಯಕಿ ಫೂಕೊಗೆ ಹದಿನೆಂಟು ವರ್ಷ. ಅವಳ ಮೈ ತಾಗಿದವರಿಗೆ ಕೇಡು ತಪ್ಪಿದ್ದಲ್ಲ. ಆ ವ್ಯಕ್ತಿ ಅವಳಿಗೆ ಎಷ್ಟು ಇಷ್ಟವೋ ಕೇಡೂ ಅಷ್ಟು ದೊಡ್ಡದು. ನಾಯಕ ಆಂಡಿಗೆ ಏನು ಮಾಡಿದರೂ ಸಾವು ಬರುವುದಿಲ್ಲ. ಅವನಿಗೆ ಬೇಕಿರುವುದು ಒಂದು ಒಳ್ಳೆಯ ಸಾವು. ಅದು ಅವಳಿಂದ ಸಿಗಬೇಕಾದರೆ ಅವಳು ಅವನನ್ನು ಪ್ರೀತಿಸಲೇಬೇಕು.

ಇಲ್ಲಿನ ಶಕ್ತಿಗಳ ಹೆಸರೆಲ್ಲ ‘ಫು’ ಎಂಬ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಅಲ್ಲ, ಇಲ್ಲ ಎಂದು ಅದರ ಅರ್ಥ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಅನ್’ ಸೇರಿದ ಇಂಗ್ಲಿಷ್ ಹೆಸರು: ಆಂಡಿಯದು ‘ಅನ್‌ಡೆಡ್’, ಫೂಕೊಳದು ‘ಅನ್‌ಲಕ್’. ಕನ್ನಡದ ‘ಇಲ್ಲ’ ಇರುವುದು ಪದದ ಬಾಲದಲ್ಲಿ, ಅಲ್ವಾ? ಸಾಯದ, ಕದಲದ, ಬದಲಾಗದ. ತಲೆಗೆ ಬೇಕೆಂದರೆ ಸಂಸ್ಕೃತದ ‘ಅ’ ಇದೆ: ಅಮರ, ಅಚಲ. ಆದರೆ ‘ಅಮರರಾದರು’ ಎಂದು ನಾವು ಬರೆಯುವುದು ಸತ್ತವರ ಬಗ್ಗೆ. ‘ಚಿರಂಜೀವಿ’ ಹರಕೆಯ ಮಾತು, ಮದುವೆ ಕಾಗದದಲ್ಲಿ ಗಂಡಿನ ಹೆಸರಿನ ಮುಂದೆ ಬರುತ್ತದೆ. ಸಾಯಲು ಹಂಬಲಿಸುವವನಿಗೆ ಇವೆರಡೂ ಒಪ್ಪುವುದಿಲ್ಲ. ಅಕ್ಕಮಹಾದೇವಿ ತಾನು ಒಲಿದವನನ್ನು ‘ಸಾವಿಲ್ಲದ ಕೇಡಿಲ್ಲದ’ ಚೆಲುವ ಎಂದಳು. ಎಂಟುನೂರು ವರ್ಷ ದಾಟಿದರೂ ಆ ‘ಇಲ್ಲದ’ ಹಳತಾಗಿಲ್ಲ. ಆಂಡಿಗೆ ‘ಸಾವಿಲ್ಲದವ’ ಸಾಕು ಅನಿಸಿದೆ.

ಕಷ್ಟ ಫೂಕೊ ವಿಷಯದಲ್ಲಿ. ‘ಅದೃಷ್ಟ’ದಲ್ಲೇ ಒಂದು ‘ಅ’ ಕೂತಿದೆ. ಕಣ್ಣಿಗೆ ಕಾಣದ್ದು ಎಂದು ಅದರ ಮೂಲ ಅರ್ಥ. ‘ದುರದೃಷ್ಟ’ ಎಂದರೆ ಕಾಣದ್ದರ ಮೇಲೆ ಇನ್ನೊಂದು ‘ದುರ್’. ‘ನತದೃಷ್ಟೆ’ ಎಂದರೆ ಕಷ್ಟ ಅವಳದೇ ಆಗುತ್ತದೆ. ಕತೆಯಲ್ಲಿ ಅವಳ ಶಕ್ತಿ ಕೆಡಿಸುವುದು ಬೇರೆಯವರ ಅದೃಷ್ಟವನ್ನು. ಈ ಅರ್ಥಕ್ಕೆ ಹತ್ತಿರ ಇರುವುದು ನಮ್ಮ ಮನೆಮಾತಿನ ‘ಕಾಲ್ಗುಣ’. ಆದರೆ ಅದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು.

ಹಾಗಾಗಿ ‘ಅನಿಷ್ಟ’ಕ್ಕೆ ಬಂದೆ. ಬಿಡಿಸಿದರೆ ಅನ್ ಮತ್ತು ಇಷ್ಟ. ಇಷ್ಟ ಬೆಳೆದಷ್ಟೂ ಅನಿಷ್ಟ ಬೆಳೆಯುತ್ತದೆ. ಇಡೀ ಕತೆ ಈ ಒಂದು ಪದದೊಳಗೆ ಇದೆ. ಅವಳ ಶಕ್ತಿಗೆ ಜಪಾನೀ ಮೂಲದಲ್ಲಿರುವ ‘ಫುಉನ್’ ಪದದಲ್ಲೂ ಇಷ್ಟು ಇಲ್ಲ.

ಆದರೂ ಕೈ ಹಿಂಜರಿಯುತ್ತಿದೆ. ಗಂಡ ತೀರಿಕೊಂಡ ಮೇಲೆ ನಮ್ಮ ದೊಡ್ಡಮ್ಮನನ್ನು ನೆಂಟರು ಕರೆದದ್ದು ಇದೇ ಮಾತಿನಿಂದ. ಆಮೇಲೆ ಅವರು ಯಾವ ಮದುವೆ ಮನೆಗೂ ಹೋಗಲಿಲ್ಲ. ಫೂಕೊ ಕೂಡ ಹತ್ತು ವರ್ಷ ಜನರಿಂದ ಅಡಗಿಯೇ ಬದುಕಿದವಳು. ಅವಳನ್ನು ಮೊದಲ ಬಾರಿಗೆ ‘ನೀನು ನನಗೆ ಬೇಕು’ ಎನ್ನುವವನು ಆಂಡಿ. ಅದೇ ಪದ ಅವನ ಬಾಯಲ್ಲಿ ಬಂದರೆ ಓದುಗರಿಗೆ ಬಯ್ಗುಳ ಕೇಳಿಸುತ್ತದೆಯೇ, ಪ್ರೀತಿ ಕೇಳಿಸುತ್ತದೆಯೇ?

‘ಅನಿಷ್ಟ’ ಬಯ್ಗುಳವಾಗಿ ಅಲ್ಲದೆ ಬೇರೆ ರೀತಿ ಬಳಕೆಯಾದದ್ದನ್ನು ನೀವು ಕೇಳಿದ್ದೀರಾ? ಉತ್ತರ ಕರ್ನಾಟಕದ ಕಡೆ, ಕರಾವಳಿಯಲ್ಲಿ, ‘ಮುಟ್ಟಿದರೆ ಕೇಡು’ ಎನ್ನುವುದಕ್ಕೆ ಬೇರೆ ಮಾತು ಇದೆಯೇ? ಮನೆಯ ಹಿರಿಯರನ್ನು ಒಮ್ಮೆ ಕೇಳಿ ತಿಳಿಸಿ.