ತೀನ್ ಪತ್ತಿಯಿಂದ ಪೋಕರ್‌ಗೆ: ಯಾವ ಕೈ ದೊಡ್ಡದು, ಹೇಗೆ ನೆನಪಿಟ್ಟಿರಿ?

ಮಡಿಕೇರಿಯಿಂದ: ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮ ಮನೆಯಲ್ಲಿ ಮೂರು ಎಲೆಯ ಇಸ್ಪೀಟು ಆಟ ತೀನ್ ಪತ್ತಿ ಶುರು. ಈ ಸಲ ಬೆಂಗಳೂರಿಂದ ಬಂದ ತಮ್ಮ ಐದು ಎಲೆಯ ಕೈ ಲೆಕ್ಕದ ಪೋಕರ್ ಕಲಿಸುತ್ತಿದ್ದಾನೆ. ಯಾವ ಕೈ, ಅಂದರೆ ಕೈಗೆ ಬಂದ ಎಲೆಗಳ ಗುಂಪು, ಯಾವುದನ್ನು ಹೊಡೆಯುತ್ತದೆ ಅನ್ನುವುದೇ ತಲೆಗೆ ಹತ್ತುತ್ತಿಲ್ಲ. ಕಲಿತವರು ಹೇಳಿ.

ಸಿದ್ದಾಪುರದಿಂದ: ತೀನ್ ಪತ್ತಿ ಆಡಿದವರು ಎಡವುವ ಜಾಗ ಒಂದಿದೆ, ನಾನೂ ಅಲ್ಲೇ ಎಡವಿದ್ದೆ. ಅಲ್ಲಿ ಸೀಕ್ವೆನ್ಸ್ (ಸಾಲಾಗಿ ಬಂದ ಎಲೆಗಳು) ಕಲರ್‌ಗಿಂತ (ಎಲ್ಲ ಎಲೆ ಒಂದೇ ಜಾತಿ) ದೊಡ್ಡದು, ಅಲ್ವಾ? ಪೋಕರ್‌ನಲ್ಲಿ ಉಲ್ಟಾ. ಐದೂ ಆಟೀನ್ ಬಂದರೆ ಅದು ಫ್ಲಶ್, ಅಂದರೆ ನಮ್ಮ ಕಲರ್; ಅದು ಸ್ಟ್ರೇಟನ್ನು, ಅಂದರೆ ನಮ್ಮ ಸೀಕ್ವೆನ್ಸನ್ನು, ಹೊಡೆಯುತ್ತದೆ. ಸುಮ್ನೆ ಬಾಯಿಪಾಠ ಮಾಡಿದಾಗ ವಾರದಲ್ಲಿ ಮರೆತೆ, ಕಾರಣ ಗೊತ್ತಾದ ಮೇಲೆ ಮರೆಯಲೇ ಇಲ್ಲ. ಅಪರೂಪಕ್ಕೆ ಬರುವುದು ದೊಡ್ಡದು, ಅಷ್ಟೇ. 52 ಎಲೆಯಿಂದ ಮೂರು ಮೂರು ತೆಗೆದರೆ 22,100 ಕೈ ಆಗುತ್ತವೆ, ಅದರಲ್ಲಿ ಸಾದಾ ಸೀಕ್ವೆನ್ಸ್ 720, ಕಲರ್ 1,096. ಐದೈದು ತೆಗೆದರೆ ಒಟ್ಟು 25,98,960, ಆಗ ಸ್ಟ್ರೇಟ್ 10,200 ಇದ್ದರೆ ಫ್ಲಶ್ 5,108 ಮಾತ್ರ. ಐದೂ ಎಲೆ ಒಂದೇ ಜಾತಿ ಸೇರುವುದು ಅಷ್ಟು ಕಷ್ಟ. ಕೆಳಗಿನಿಂದ ಹೇಳಿಕೊಂಡು ಹೋಗಿ: ಏನೂ ಇಲ್ಲದ ಕೈ, ಒಂದು ಜೋಡಿ, ಎರಡು ಜೋಡಿ, ಮೂರು ಒಂದೇ ಥರ (ಮೂರೂ ರಾಜ ಬಂದ ಹಾಗೆ), ಸ್ಟ್ರೇಟ್, ಫ್ಲಶ್, ಮೂರರ ಜೊತೆ ಜೋಡಿ ಸೇರಿದ ಫುಲ್ ಹೌಸ್, ನಾಲ್ಕು ಒಂದೇ ಥರ, ಸಾಲಾಗಿಯೂ ಒಂದೇ ಜಾತಿಯೂ ಆದ ಸ್ಟ್ರೇಟ್ ಫ್ಲಶ್. ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ರಾಯಲ್ ಫ್ಲಶ್. ಅಂಥದ್ದು ಇಡೀ ಲೆಕ್ಕದಲ್ಲಿ ನಾಲ್ಕೇ.

ವಿರಾಜಪೇಟೆಯಿಂದ: ನಾನು ಅಮ್ಮನಿಗೆ ಕಲಿಸಿದ್ದು ಆಡಿಸಿ ಅಲ್ಲ, ಬರೀ ಎಲೆ ಹಾಕಿ. ಚಾಪೆ ಮೇಲೆ ಐದೈದು ಎಲೆಯ ಕೈಗಳನ್ನು ಬಿಚ್ಚಿ ಹಾಕುವುದು, ಯಾವುದು ಗೆದ್ದಿತು ಅಂತ ಅಮ್ಮ ಹೇಳುವುದು. ದುಡ್ಡಿಲ್ಲ, ಒಣಗಿದ ಕಾಫಿ ಚೆರ್ರಿಯೇ ಪಣ. ಹೆಚ್ಚುಕಮ್ಮಿ ಅರ್ಧ ಕೈಗಳಲ್ಲಿ ಏನೂ ಇರುವುದಿಲ್ಲ, ನೂರಕ್ಕೆ ಸುಮಾರು 42 ಸಲ ಒಂದೇ ಒಂದು ಜೋಡಿ. ಇದನ್ನು ಕಣ್ಣಾರೆ ನೋಡಿದ ಮೇಲೆ ಎರಡು ಜೋಡಿ ಬಂದರೂ ಅಮ್ಮ ಬೀಗುತ್ತಿದ್ದರು. ಮೂರು ಸಂಜೆ ಸಾಕಾಯಿತು.

ಕುಶಾಲನಗರದಿಂದ: ಎಕ್ಕದ ವಿಷಯ ಯಾರೂ ಹೇಳಲಿಲ್ಲ. ತೀನ್ ಪತ್ತಿಯಲ್ಲಿ ಎಕ್ಕ-ಎರಡು-ಮೂರನ್ನು ಎಷ್ಟೋ ಕಡೆ ಎರಡನೇ ದೊಡ್ಡ ಸೀಕ್ವೆನ್ಸ್ ಅಂತ ಹಿಡಿಯುತ್ತಾರೆ. ಪೋಕರ್‌ನಲ್ಲಿ ಎಕ್ಕದಿಂದ ಐದರವರೆಗಿನ ಸ್ಟ್ರೇಟ್ ಎಲ್ಲಕ್ಕಿಂತ ಚಿಕ್ಕದು. ರಾಣಿ, ರಾಜ, ಎಕ್ಕ, ಎರಡು, ಮೂರು ಅಂತ ಸುತ್ತಿ ಬಂದರೆ ಸ್ಟ್ರೇಟೇ ಅಲ್ಲ. ಕೈಲ್ ಮುಹೂರ್ತ ಹಬ್ಬದ ರಾತ್ರಿ ಊಟ ಆದ ಮೇಲೆ ನಮ್ಮಲ್ಲಿ ಇದೇ ವಿಷಯಕ್ಕೆ ಜೋರು ಜಗಳ ಆಗಿ ಭಾವ ಆಟ ಬಿಟ್ಟು ಎದ್ದು ಹೋದರು, ಅದಕ್ಕೇ ಮೊದಲೇ ಮಾತಾಡಿಕೊಳ್ಳಿ ಅನ್ನುತ್ತಿದ್ದೇನೆ. ಇನ್ನೊಂದು, ಜಾತಿಯಲ್ಲಿ ಮೇಲು ಕೀಳು ಇಲ್ಲ. ಇಬ್ಬರಿಗೂ ರಾಜನ ಜೋಡಿ ಬಂದರೆ ಉಳಿದ ಎಲೆಗಳಲ್ಲಿ ದೊಡ್ಡದು ಯಾರದೋ ಅವರು ಗೆಲ್ಲುತ್ತಾರೆ, ಅವೂ ಪೂರ್ತಿ ಸಮ ಆದರೆ ಪಣ ಅರ್ಧ ಅರ್ಧ.